ಚಾಚಿಕೊಂಡದ್ದಕ್ಕೆಲ್ಲ ಒಂದೇ ಹೆಸರೆ?

ನಮ್ಮ ವಿದ್ಯಾವಂತರಲ್ಲಿ ಒಂದು ವಿಚಿತ್ರ ಲೆಕ್ಕ ರೂಢಿಯಾಗಿದೆ. ಯಾವುದಾದರೊಂದು ಅರ್ಥವನ್ನು ಹಿಡಿದುಕೊಳ್ಳುವುದು. ಅದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದಗಳಿವೆ, ಕನ್ನಡದಲ್ಲಿ ಎಷ್ಟಿವೆ ಎಂದು ಎಣಿಸುವುದು. ಆ ಎರಡು ಅಂಕಿಗಳ ನಡುವಿನ ಅಂತರವೇ ನಮ್ಮ ಭಾಷೆಯ ಬಡತನದ ಅಳತೆಯೆಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದು. ಈ ಲೆಕ್ಕಕ್ಕೆ ಮೇಲಿಂದ ಮೇಲೆ ಸಿಕ್ಕಿಬೀಳುವ ಅರ್ಥ ಒಂದಿದೆ: ಹೊರಕ್ಕೆ ಬಂದದ್ದು, ಮುಂದಕ್ಕೆ ಚಾಚಿದ್ದು, ಮೇಲಕ್ಕೆ ಉಬ್ಬಿದ್ದು. “ಪ್ರೊಟ್ರೂಡ್, ಪ್ರೊಜೆಕ್ಟ್, ಜಟ್, ಬಲ್ಜ್, ಓವರ್‌ಹ್ಯಾಂಗ್ ಎಂದು ಕ್ರಿಯಾಪದಗಳೇ ಐದಾದವು. ಲೆಜ್, ಸ್ಪರ್, ನಾಬ್, ಕಾರ್ನಿಸ್, ಪ್ರಾಮಂಟರಿ ಎಂದು ನಾಮಪದಗಳು ಸಾಲುಗಟ್ಟಿ ನಿಂತಿವೆ. ನಿಮ್ಮ ಕನ್ನಡದಲ್ಲಿ ‘ಚಾಚಿಕೊಂಡಿರುವ’ ಎಂಬುದನ್ನು ಬಿಟ್ಟರೆ ಮತ್ತೇನಿದೆ ಸ್ವಾಮಿ?” ಈ ಪ್ರಶ್ನೆಯನ್ನು ಕನ್ನಡದ ಮೇಷ್ಟರಾದವರು ಅಧ್ಯಾಪಕರ ಕೋಣೆಯಲ್ಲಿ ಚಹದ ಲೋಟ ಹಿಡಿದುಕೊಂಡು ಎಷ್ಟು ಸಲ ಕೇಳಬೇಕಾಗುತ್ತದೆ ಎಂಬುದಕ್ಕೆ ಮಿತಿಯಿಲ್ಲ. ಕೇಳುವವರ ತಾಯ್ನುಡಿಯೂ ಕನ್ನಡವೇ. ಆದರೂ ಅವರ ಬಾಯಲ್ಲಿ ಅದು ‘ನಿಮ್ಮ ಕನ್ನಡ’!

ಪ್ರಶ್ನೆ ಕೇಳಿದವರಿಗಿಂತ ಅದಕ್ಕೆ ನಾವು ಕೊಡುವ ಉತ್ತರಗಳ ಮೇಲೆ ನನಗೆ ಹೆಚ್ಚು ಕೋಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪದ ಹುಡುಕಲಾರದ ನಾವು ಭಾಷೆಯೇ ಬಡವೆಂದು ಒಪ್ಪಿಕೊಂಡು, ಆ ಬಡತನವನ್ನು ನೀಗುವವರಂತೆ ಮೇಜಿನ ಮುಂದೆ ಕುಳಿತು ಪದಗಳನ್ನು ಹೊಸೆಯತೊಡಗಿದ್ದೇವೆ. ಕನ್ನಡಕ್ಕೆ ಈ ಹೊಸೆತ ಬೇಕಾಗಿಲ್ಲ. ಬೇಕಾಗಿರುವುದು ಎದ್ದು ಹೊರಗೆ ಹೋಗಿ ನೋಡುವ ಕಾಲು, ಕೇಳುವ ಕಿವಿ.

ಎಲ್ಲಿಗೆ ಹೋಗಬೇಕು ಎಂದರೆ, ನಾನು ಗೋಕಾಕ ಫಾಲ್ಸಿಗೆ ಹೋಗಿ ಎನ್ನುತ್ತೇನೆ. ಚಾಚಿದ್ದು, ಉಬ್ಬಿದ್ದು, ಎದ್ದದ್ದು, ತೂಗಿದ್ದು ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುವಂಥ ಸ್ಥಳ ಅದು. ಘಟಪ್ರಭೆ ಅಲ್ಲಿ ಮರಳುಗಲ್ಲಿನ ಬಂಡೆಯ ಮೇಲೆ ಹರಿದು ಬಂದು, ಕುದುರೆಯ ಲಾಳದಂತೆ ಬಾಗಿದ ಅಂಚಿನಿಂದ ಸುಮಾರು 170 ಅಡಿ ಕೆಳಕ್ಕೆ ದುಮುಕುತ್ತದೆ. ದಡದಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿಗಳಿವೆ. 1880ರ ದಶಕದಲ್ಲಿ ಆರಂಭವಾದ ಹತ್ತಿನೂಲಿನ ಗಿರಣಿಯ ಊರು ಪಕ್ಕದಲ್ಲಿದೆ. ಹೊಳೆಯ ಮೇಲೆ ಅಡ್ಡಲಾಗಿ, ಸುಮಾರು 200 ಮೀಟರು ಉದ್ದದ ಸೇತುವೆಯೊಂದು ತೂಗಾಡುತ್ತದೆ. ಅದನ್ನು ಜನ ಕರೆಯುವುದು ತೂಗುಸೇತುವೆ ಎಂದು. ಈ ಹೆಸರು ಸೇತುವೆ ಮಾಡುವ ಕೆಲಸವನ್ನೇ ಹೇಳುತ್ತದೆ. ‘ಲಂಬಿತ ಸೇತು’ ಎಂದು ಯಾವ ಪಂಡಿತರೂ ನಡುವೆ ಬಾಯಿ ಹಾಕದಿದ್ದುದು ನಮ್ಮ ಪುಣ್ಯ.

ಆ ಸುತ್ತಿನ ಊರುಗಳ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿರಿ. ಕಾಲ್ದಾರಿಯಲ್ಲಿ ಮರದ ಬೇರು ಮಣ್ಣಿನಿಂದ ಹೊರಕ್ಕೆ ಬಂದಿದ್ದರೆ “ಬೇರು ಎದ್ದಾವ, ನೋಡಿ ನಡಿ” ಎನ್ನುತ್ತಾರೆ. ಹೊಸ್ತಿಲಿನ ಮೊಳೆ ತಲೆ ಹೊರಹಾಕಿದ್ದರೆ “ಮೊಳಿ ಎದ್ದೈತಿ”. ಹುಡುಗನ ಹಲ್ಲುಗಳು ತುಟಿಯನ್ನು ದಾಟಿದ್ದರೆ “ಹಲ್ಲು ಮುಂದ ಬಂದಾವ”. ಕುಳಿತು ಉಣ್ಣುವವನಿಗೆ “ಹೊಟ್ಟಿ ಬಂದೈತಿ”. ಮೇವಿಲ್ಲದ ದನಕ್ಕೆ ಎಲುಬು ‘ಎದ್ದು’ ಕಾಣುತ್ತವೆ. ಇಲ್ಲಿ ‘ಚಾಚು’ ಎಂಬ ಮಾತು ಒಮ್ಮೆಯೂ ಬರಲಿಲ್ಲ. ಬರಬೇಕಾಗಿಯೂ ಇಲ್ಲ. ಮೊಳೆ ಚಾಚುವುದಿಲ್ಲ. ಹಲಗೆಯೊಳಗೆ ಇದ್ದದ್ದು ತನ್ನ ಸ್ಥಾನ ಬಿಟ್ಟು ಮೇಲಕ್ಕೆ ಬಂದಿದೆ, ಆದ್ದರಿಂದ ಅದು ಎದ್ದಿದೆ. ಬಂಡೆ ಏಳುವುದಿಲ್ಲ. ಬುಡ ಬಿಡದೆ ಮುಂದಕ್ಕೆ ನೀಡಿಕೊಂಡಿದೆ, ಆದ್ದರಿಂದ ಅದು ಚಾಚಿದೆ.

ಇದೇ ಕನ್ನಡದ ರೀತಿ. ಒಂದು ವಸ್ತು ಹೊರಕ್ಕೆ ಕಾಣುತ್ತಿದೆ ಎಂಬಷ್ಟಕ್ಕೆ ಅದು ತೃಪ್ತವಾಗುವುದಿಲ್ಲ. ಹೇಗೆ ಬಂದಿತು ಎಂಬುದನ್ನು ಕ್ರಿಯಾಪದದಲ್ಲಿಯೇ ಹೇಳಿಬಿಡುತ್ತದೆ. ಒಳಗಿನ ಒತ್ತಡದಿಂದ ಹಿಗ್ಗಿ ಬಂದದ್ದು ಉಬ್ಬುತ್ತದೆ. ಇಲ್ಲದ್ದು ಹೊಸದಾಗಿ ತೋರಿಕೊಂಡರೆ ಮೂಡುತ್ತದೆ. ಬಗ್ಗಿದ್ದು ನೆಟ್ಟಗಾಗಿ ನಿಂತರೆ ನಿಮಿರುತ್ತದೆ. ಮುಕ್ಕಾಲು ಮರೆಯಾಗಿ ಕಾಲು ಮಾತ್ರ ಕಂಡರೆ ಇಣುಕುತ್ತದೆ. ಆಧಾರ ಒಂದೇ ಕಡೆಗಿದ್ದು ಭಾರಕ್ಕೆ ಕೆಳಗಿಳಿದರೆ ಜೋಲುತ್ತದೆ. ತಾಯಿಯೊಬ್ಬಳು ಮಗುವಿನ ಬಾಯನ್ನು ನೋಡಿ “ಹಲ್ಲು ಮೂಡಿತು” ಎಂದರೆ ಸಂತೋಷ, “ಹಲ್ಲು ಮುಂದೆ ಬಂತು” ಎಂದರೆ ಚಿಂತೆ, “ವಸಡು ಉಬ್ಬಿತು” ಎಂದರೆ ವೈದ್ಯರ ಮನೆಗೆ ನಡೆಯಬೇಕು. ಈ ಮೂರನ್ನೂ ‘ಪ್ರೊಟ್ರೂಷನ್’ ಎಂಬ ಒಂದೇ ಚೀಲದಲ್ಲಿ ತುಂಬಿದ ಭಾಷೆ ಶ್ರೀಮಂತ, ಬೇರೆ ಬೇರೆ ಇಟ್ಟ ಭಾಷೆ ಬಡವ ಎಂದರೆ ಆ ನ್ಯಾಯವನ್ನು ನಾನು ಒಪ್ಪಲಾರೆ.

ಹಾಗೆಂದು ಇಂಗ್ಲಿಷಿನ ಸಂಪತ್ತು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಆ ಸಂಪತ್ತು ಎಲ್ಲಿಂದ ಬಂದಿತೆಂಬುದನ್ನು ಅದರ ಭಕ್ತರು ತಿಳಿದಿದ್ದರೆ ಒಳ್ಳೆಯದು. ಪ್ರೊಟ್ರೂಡ್ ಎಂಬುದು ಲ್ಯಾಟಿನ್ನಿನ ‘ಮುಂದಕ್ಕೆ ನೂಕು’. ಪ್ರೊಜೆಕ್ಟ್ ಎಂಬುದು ಅದೇ ಭಾಷೆಯ ‘ಮುಂದಕ್ಕೆ ಎಸೆ’. ಬಲ್ಜ್ ಎಂಬುದು ಫ್ರೆಂಚಿನ ದಾರಿಯಲ್ಲಿ ಬಂದ ‘ಚೀಲ’. ಕೇಪ್ ಎಂಬುದು ‘ತಲೆ’. ನೂಕು, ಎಸೆ, ಚೀಲ, ತಲೆ! ಇವು ಯಾವುವೂ ವಿದ್ವತ್ಸಭೆಯಲ್ಲಿ ಹುಟ್ಟಿದ ಮಾತುಗಳಲ್ಲ. ದುಡಿಯುವ ಕೈಯ, ಕಾಣುವ ಕಣ್ಣಿನ ಮಾತುಗಳು. ಇಂಗ್ಲಿಷರು ಅವನ್ನು ಎರವಲು ತಂದರು, ತಮ್ಮ ಹಳ್ಳಿಯ ಮಾತುಗಳ ಜೊತೆಗೆ ಕೂಡಿಟ್ಟರು, ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಬಳಸಿದರು. ಅಷ್ಟಾದ ಮೇಲೆ 1852ರಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ ಅವನ್ನೆಲ್ಲ ಅರ್ಥದ ಪ್ರಕಾರ ಗುಂಪು ಮಾಡಿ ಥಿಸಾರಸ್ ಎಂಬ ಗ್ರಂಥವಾಗಿ ಅಚ್ಚು ಹಾಕಿಸಿದ. ನಮ್ಮ ಮಿತ್ರರು ಎಣಿಸುತ್ತಿರುವುದು ಈ ವೈದ್ಯ ಮಹಾಶಯ ಮತ್ತು ಅವನ ವಾರಸುದಾರರು ಕಟ್ಟಿಟ್ಟ ಕಣಜವನ್ನು. ನಮ್ಮ ಕಾಳು ಇನ್ನೂ ಹೊಲದಲ್ಲಿಯೇ ಬಿದ್ದಿದೆ. ಹೊಲದಲ್ಲಿರುವ ಕಾಳನ್ನು ಲೆಕ್ಕಕ್ಕೆ ಹಿಡಿಯದೆ ಬೆಳೆಯೇ ಬಂದಿಲ್ಲವೆಂದು ಹೇಳುವವನನ್ನು ರೈತನೆಂದು ಯಾರು ಕರೆದಾರು?

ಕಣಜ ಕಟ್ಟುವ ವಿದ್ಯೆ ನಮಗೆ ಗೊತ್ತಿರಲಿಲ್ಲವೆಂದೂ ಅಲ್ಲ. ಅಮರಕೋಶದ ದಾರಿ ಹಿಡಿದು ನಮ್ಮ ಹಿರಿಯರೂ ಅರ್ಥವಾರು ನಿಘಂಟುಗಳನ್ನು ಪದ್ಯದಲ್ಲಿ ಕಟ್ಟಿದ್ದಾರೆ. ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಯನ್ನು ಕನ್ನಡ ಎಂ.ಎ. ಓದಿದವರೆಲ್ಲ ಹೆಸರಿನಿಂದಲಾದರೂ ಬಲ್ಲರು. ಆದರೆ ಆ ಕೈಪಿಡಿಗಳು ಕಬ್ಬಿಗರಿಗೆ. ಬಡಿಗನಿಗೆ, ಕಂಬಾರನಿಗೆ, ಗೌಂಡಿಗೆ, ಒಕ್ಕಲಿಗನಿಗೆ ಕೈಪಿಡಿ ಮಾಡಬೇಕೆಂದು ಆಗ ಯಾರಿಗೂ ತೋರಲಿಲ್ಲ. ಅವರ ಬಾಯಲ್ಲಿದ್ದ ಪದಗಳು ಬಾಯಲ್ಲಿಯೇ ಉಳಿದವು.

ಇನ್ನು ಪದ ಹೊಸೆಯುವವರ ವಿಷಯಕ್ಕೆ ಬರುತ್ತೇನೆ. ಅವರಲ್ಲಿ ಎರಡು ಪಂಗಡಗಳಿವೆ.

ಮೊದಲನೆಯದು ಸಂಸ್ಕೃತದ ಟಂಕಸಾಲೆಯವರದು. ನಮ್ಮ ಶಾಲೆಯ ಭೂಗೋಳವನ್ನು ಬರೆದವರು ಇವರೇ. ಮೂರು ಕಡೆ ನೀರು, ಒಂದು ಕಡೆ ನೆಲ ಇರುವ ಭೂಭಾಗಕ್ಕೆ ಇವರು ಇಟ್ಟ ಹೆಸರು ‘ಪರ್ಯಾಯ ದ್ವೀಪ’. ಇಂಗ್ಲಿಷಿನ ಪೆನಿನ್ಸುಲ ಎಂದರೆ ಲ್ಯಾಟಿನ್ನಿನಲ್ಲಿ ‘ಬಹುತೇಕ ದ್ವೀಪ’. ಆ ಅರ್ಥವಾದರೂ ಸರಿಯಾಗಿ ಇಳಿಯಿತೇ? ಇಂದಿನ ಕನ್ನಡದಲ್ಲಿ ಪರ್ಯಾಯ ಎಂದರೆ ಬದಲಿ. ಪರ್ಯಾಯ ಮಾರ್ಗ, ಪರ್ಯಾಯ ವ್ಯವಸ್ಥೆ ಎಂದು ದಿನಪತ್ರಿಕೆಯಲ್ಲಿ ಓದುವ ಹುಡುಗ ಪರ್ಯಾಯ ದ್ವೀಪವೆಂದರೆ ದ್ವೀಪ ಸಿಕ್ಕದಿದ್ದಾಗ ಬಳಸತಕ್ಕದ್ದು ಎಂದು ತಿಳಿದರೆ ತಪ್ಪು ಯಾರದು? ಹಾಗೆಯೇ ಕೇಪ್ ಎಂಬುದಕ್ಕೆ ‘ಭೂಶಿರ’. ಕಡಲಿನೊಳಕ್ಕೆ ಚೂಪಾಗಿ ಚಾಚಿದ ನೆಲದಲ್ಲಿ ತಲೆಯನ್ನು ಕಂಡವರು ಲ್ಯಾಟಿನ್ ಮಾತಾಡುತ್ತಿದ್ದವರು. ನಾವು ಆ ತಲೆಯನ್ನು ಹಾಗೆಯೇ ತೆಗೆದು ಸಂಸ್ಕೃತದ ತಟ್ಟೆಯಲ್ಲಿಟ್ಟೆವು. ಪಕ್ಕದ ತಮಿಳರು ಕನ್ಯಾಕುಮಾರಿಯ ತುದಿಯನ್ನು ‘ಕುಮರಿ ಮುನೈ’ ಎಂದು ಕರೆಯುತ್ತಾರೆ. ಈ ಮುನೈ ಬೇರೆ ಯಾವುದೂ ಅಲ್ಲ, ನಮ್ಮ ಮೊನೆಯೇ. ಸೂಜಿಯ ಮೊನೆ, ಬಾಣದ ಮೊನೆ, ಮುಳ್ಳಿನ ಮೊನೆ ಎಂದು ನಮ್ಮ ಮನೆಯಲ್ಲಿ ದಿನವೂ ಬಳಸುವ ಮಾತು. ಅದನ್ನು ಭೂಪಟದ ಮೇಲೆ ಬರೆಯಲು ಮಾತ್ರ ನಮಗೆ ನಾಚಿಕೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಾಡಿದವರು ನಮ್ಮ ಪಠ್ಯಪುಸ್ತಕಗಳನ್ನು ಕನಸಿನಲ್ಲಿ ಕಂಡಿದ್ದರೋ ಏನೋ!

ಸಂಸ್ಕೃತದ ಮೇಲೆ ನನಗೆ ಹಗೆಯಿಲ್ಲ. ಶಿಖರ, ಗೋಪುರ ಎಂಬ ಮಾತುಗಳಿಗೆ ಇಂದು ಯಾವ ಹಳ್ಳಿಯವನೂ ಅರ್ಥ ಕೇಳುವುದಿಲ್ಲ. ಅವು ನಮ್ಮವಾಗಿ ಎಷ್ಟೋ ಕಾಲವಾಯಿತು. ನನ್ನ ತಕರಾರು ಇರುವುದು ಕಣ್ಣಿಗೆ ಏನನ್ನೂ ಕಾಣಿಸದ ಪದಗಳ ಮೇಲೆ.

ಎರಡನೆಯ ಪಂಗಡದವರು ಅಚ್ಚಗನ್ನಡದ ವ್ರತಧಾರಿಗಳು. ಇವರ ಉದ್ದೇಶ ಒಳ್ಳೆಯದು, ವಿಧಾನ ಮಾತ್ರ ಕಾರ್ಖಾನೆಯದು. ‘ಚಾಚು’ ಎಂಬ ಧಾತುವೊಂದು ಕೈಗೆ ಸಿಕ್ಕಿತೋ, ಹೊರಚಾಚು, ಮುಂಚಾಚು, ಮೇಲ್ಚಾಚು, ಇಳಿಚಾಚು, ಅಡ್ಡಚಾಚು ಎಂದು ಇಟ್ಟಿಗೆಯಂತೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಸಾಲಾಗಿ ಒಣಗಲಿಟ್ಟುಬಿಡುತ್ತಾರೆ. ವ್ಯಾಕರಣದಲ್ಲಿ ದೋಷವಿಲ್ಲ, ಆದರೆ ಜೀವವೂ ಇಲ್ಲ. ಮೊದಲ ಪಂಗಡದವರು ಕಾಶಿಗೆ ಹೋಗಿ ತಂದರೆ, ಇವರು ಮನೆಯ ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಬಡಿಗನ ಅಂಗಳಕ್ಕೆ ಮಾತ್ರ ಇಬ್ಬರೂ ಹೋಗುವುದಿಲ್ಲ.

ಹೋದರೆ ಏನು ಸಿಕ್ಕುತ್ತದೆ? ಒಂದಷ್ಟನ್ನು ಹೆಸರಿಸುತ್ತೇನೆ; ಓದುಗರು ತಮ್ಮ ಅಜ್ಜಿಯ ಮನೆಯನ್ನು ನೆನೆದುಕೊಂಡು ತಾಳೆ ನೋಡಲಿ. ಗೋಡೆಯಿಂದ ಹೊರಬಂದು ಬಟ್ಟೆಯನ್ನೋ ಚೀಲವನ್ನೋ ಹೊರುವುದು ಗೂಟ. ಅದರ ತುದಿಗೆ ಗಿಳಿಯನ್ನು ಕೆತ್ತಿದರೆ ಗಿಳಿಗೂಟ. ಗೋಡೆಗೆ ಹಲಗೆಯನ್ನು ಕೂಡಿಸಿ ಪಾತ್ರೆಪಡಗ ಇಡುವಂತೆ ಮಾಡಿದರೆ ನಾಗಂದಿಗೆ. ಮಾಡು ಗೋಡೆಯನ್ನು ದಾಟಿ ಇಳಿದುಬಂದದ್ದು ಸೂರು. ಕಂಬದ ತಲೆಯಲ್ಲಿ ಎರಡು ಪಕ್ಕಕ್ಕೂ ತೋಳು ನೀಡಿ ತೊಲೆಯನ್ನು ಹೊರುವುದು ಬೋದಿಗೆ. ಗುಡಿಗೂ ಅದೇ ಹೆಸರು, ಗೌಡರ ಮನೆಗೂ ಅದೇ ಹೆಸರು. ಚಕ್ಕಡಿಯ ಮುಂದಕ್ಕೆ ನೊಗದವರೆಗೆ ಚಾಚಿದ್ದು ಮೂಕಿ. ಗಾಲಿಯನ್ನು ದಾಟಿ ಹೊರಬಂದ ಅಚ್ಚಿನ ತುದಿಗೆ, ಗಾಲಿ ಕಳಚದಂತೆ ಹೊಡೆದದ್ದು ಕಡಾಣಿ. ನೇಗಿಲಲ್ಲಿ ಕೈಗೆ ಸಿಕ್ಕುವಂತೆ ಮೇಲಕ್ಕೆ ನಿಂತದ್ದು ಮೇಳಿ.

ಮೈಯ ಮೇಲೆ ನೋಡಿದರೆ, ಕಾಲಿನ ಕೀಲಿನ ಬಳಿ ಉಬ್ಬಿದ ಎಲುಬು ಹರಡು. ಬೆರಳ ಕೀಲಿನದು ಗೆಣ್ಣು. ಎತ್ತಿನ ಹೆಗಲ ಮೇಲಿನದು ಹಿಣಿಲು. ಬಾಗಿಲ ಮೇಲಿನ ತೊಲೆಗೆ ತಲೆ ಬಡಿದಾಗ ಹಣೆಯಲ್ಲಿ ಏಳುವುದು ಬುಗುಟು. ಹೊಲಕ್ಕೆ ಬಂದರೆ, ಬೆಳೆ ಕೊಯ್ದ ಮೇಲೆ ನೆಲದಿಂದ ಮೇಲಕ್ಕೆ ಉಳಿದದ್ದು ಕೂಳೆ. ಮರ ಕಡಿದ ಮೇಲೆ ಉಳಿದದ್ದು ಮೋಟು. ನೆಲವೇ ಎದ್ದರೆ ಅದರ ಗಾತ್ರಕ್ಕೂ ಗುಣಕ್ಕೂ ತಕ್ಕಂತೆ ದಿಬ್ಬ, ದಿಣ್ಣೆ, ಬೋರೆ, ಮರಡಿ, ಗುಡ್ಡ. ಗೋಕಾಕ ಮುಡಲಗಿಗಳ ಸೀಮೆಯಲ್ಲಿ ಕಬ್ಬು ಬೆಳೆಯುವವರಿಗೆ ಈ ಪದಗಳಲ್ಲಿ ಎರಡು ಇಂದಿಗೂ ಹಣದ ಪದಗಳು. ಗೆಣ್ಣಿಲ್ಲದೆ ಬಿತ್ತನೆಯಿಲ್ಲ, ಏಕೆಂದರೆ ಕಣ್ಣು ಒಡೆಯುವುದು ಗೆಣ್ಣಿನಲ್ಲಿ. ಕೂಳೆಯಿಂದ ಮತ್ತೆ ಚಿಗುರಿಸಿದ ಬೆಳೆಗೆ ಹೆಸರು ಕೂಳೆ ಕಬ್ಬು. ಬೆರಳಿಗೂ ಕಬ್ಬಿಗೂ ಒಂದೇ ಗೆಣ್ಣು ಎಂದು ಕಂಡವನ ಕಣ್ಣು ಎಂಥದು! ಈ ಪಟ್ಟಿಯಲ್ಲಿರುವ ಯಾವ ಎರಡು ಪದಗಳನ್ನೂ ನೀವು ಅದಲುಬದಲು ಮಾಡಲಾರಿರಿ. ಸಮಾನಾರ್ಥಕಗಳ ರಾಶಿ ಇದಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ, ನಾನು ಸಂತೋಷದಿಂದ ಒಪ್ಪುತ್ತೇನೆ. ಒಂದೇ ಕೆಲಸಕ್ಕೆ ಹತ್ತು ಆಳುಗಳಿರುವ ಮನೆಗಿಂತ ಹತ್ತು ಕೆಲಸಕ್ಕೆ ಹತ್ತು ಆಳುಗಳಿರುವ ಮನೆ ಲೇಸು.

ಇಲ್ಲಿ ನಮ್ಮ ಪೇಟೆಯ ಮಿತ್ರರು ಮೂಗು ಮುರಿಯುತ್ತಾರೆ: “ಇವೆಲ್ಲ ಹಳ್ಳಿಯ ಮಾತುಗಳು, ಸೀಮೆಯ ಮಾತುಗಳು; ಶಿಷ್ಟ ಕನ್ನಡದಲ್ಲಿ ನಡೆಯುವುದಿಲ್ಲ.” ಯಾಕೆ ನಡೆಯುವುದಿಲ್ಲ? ಇದೇ ಗೋಕಾಕದ ನಾಡಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರು ಆ ನೆಲದ ಮಾತಿನಲ್ಲಿ ಹಾಡು ಕಟ್ಟಿ ನಾಡನ್ನೆಲ್ಲ ತಲೆದೂಗಿಸಿದರು. ಬಸವರಾಜ ಕಟ್ಟೀಮನಿಯವರ ಹುಟ್ಟೂರು ಮಲಾಮರಡಿ. ಊರಿನ ಹೆಸರಿನಲ್ಲಿಯೇ ‘ಮರಡಿ’ ಎದ್ದು ನಿಂತಿದೆ, ಭಾಷಾಂತರ ಮಾಡುವವರು ಇದ್ದರೆ ಮಾಡಲಿ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ಮನೆತನದ ಕಸುಬನ್ನೇ ಹೆಸರಿನಲ್ಲಿ ಹೊತ್ತು, ಆ ಸೀಮೆಯ ನುಡಿಯನ್ನೇ ಕಾವ್ಯ ನಾಟಕಗಳ ನುಡಿ ಮಾಡಿ, 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ಜ್ಞಾನಪೀಠಕ್ಕೆ ಶಿಷ್ಟವಾದದ್ದು ಆರನೆಯ ಇಯತ್ತೆಯ ಭೂಗೋಳಕ್ಕೆ ಅಶಿಷ್ಟವಾಗುವುದು ಹೇಗೆ?

ಮತ್ತೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. “ವಸ್ತುವೇ ಹೋದ ಮೇಲೆ ಪದವನ್ನು ಇಟ್ಟುಕೊಂಡು ಏನು ಮಾಡೋಣ? ಸಿಮೆಂಟಿನ ಮನೆಗೆ ಬೋದಿಗೆ ಎಲ್ಲಿ, ಟ್ರ್ಯಾಕ್ಟರಿಗೆ ಮೂಕಿ ಎಲ್ಲಿ?” ನಿಜ. ಆದರೆ ಗೌಂಡಿಯ ಜಾಣತನವನ್ನು ನೋಡಿ. ಕಿಟಕಿಯ ಮೇಲೆ ಬಿಸಿಲು ಮಳೆ ತಡೆಯಲು ಕಾಂಕ್ರೀಟಿನ ಹಲಗೆಯನ್ನು ಹೊರಕ್ಕೆ ಬಿಡುವ ಪದ್ಧತಿ ಬಂದಾಗ ಅವನು ಯಾವ ಸಮಿತಿಗೂ ಅರ್ಜಿ ಹಾಕಲಿಲ್ಲ. ಹಿಂದಿಯ ಛಜ್ಜಾ ಎಂಬುದನ್ನು ಎತ್ತಿಕೊಂಡು ‘ಸಜ್ಜ’ ಮಾಡಿದ; ಕೆಲಸ ಮುಗಿಯಿತು. ಇಂದು ಬೆಂಗಳೂರಿನಿಂದ ಬೀದರಿನವರೆಗೆ ಮನೆ ಕಟ್ಟಿಸಿದವರೆಲ್ಲರಿಗೂ ಸಜ್ಜ ಗೊತ್ತು. ಜೀವಂತ ಭಾಷೆ ಹೀಗೆ ಬೇಕಾದದ್ದನ್ನು ಎರವಲು ತರುತ್ತದೆ, ಇದ್ದುದನ್ನು ಹೊಸ ಕೆಲಸಕ್ಕೆ ಹಚ್ಚುತ್ತದೆ. ಗಾಡಿಯ ಕಡಾಣಿ ಯಂತ್ರಕ್ಕೆ ಸಲ್ಲುವುದಿಲ್ಲವೆ? ಎರಡು ಪಕ್ಕಕ್ಕೂ ತೋಳು ನೀಡಿ ಭಾರ ಹೊರುವ ಉಕ್ಕಿನ ತುಂಡಿಗೆ ಬೋದಿಗೆ ಎಂದರೆ ಎಂಜಿನಿಯರಿಂಗ್ ಕಾಲೇಜು ಕುಸಿದೀತೆ?

ಇದೆಲ್ಲ ಪಂಡಿತರ ಚರ್ಚೆ, ಇದರಿಂದ ಯಾರ ಗಂಟು ಹೋಯಿತು ಎನ್ನಬೇಡಿ. ನಮ್ಮ ನಾಡಿನ ಒಂದು ಪ್ರವಾಸಿ ತಾಣದಲ್ಲಿ ನಾನು ಓದಿದ ಎಚ್ಚರಿಕೆಯ ಹಲಗೆ ಹೀಗಿತ್ತು: “ಪ್ರಕ್ಷೇಪಿತ ಶಿಲಾಭಾಗದ ಮೇಲೆ ಸಂಚರಿಸುವುದನ್ನು ನಿಷೇಧಿಸಲಾಗಿದೆ.” ಅದರ ಪಕ್ಕದಲ್ಲಿಯೇ, ಆ ಪ್ರಕ್ಷೇಪಿತ ಶಿಲಾಭಾಗದ ಮೇಲೆಯೇ, ನಾಲ್ಕೈದು ಹುಡುಗರು ಮೊಬೈಲು ಹಿಡಿದು ಫೋಟೋ ತೆಗೆದುಕೊಳ್ಳುತ್ತಿದ್ದರು. ಓದುಬಾರದವರಲ್ಲ, ಕಾಲೇಜಿನ ಹುಡುಗರು. ಜಲಪಾತದ ಅಂಚು ಹೇಗೆ ಆಗುತ್ತದೆಂಬುದು ಭೂಗೋಳ ಓದಿದವರಿಗೆ ಗೊತ್ತು: ಬೀಳುವ ನೀರು ಬುಡದ ಕಲ್ಲನ್ನು ಕೊರೆಯುತ್ತದೆ, ಮೇಲಿನ ಕಲ್ಲು ಆಧಾರ ಕಳೆದುಕೊಂಡು ಮುಂದಕ್ಕೆ ಚಾಚಿ ಉಳಿಯುತ್ತದೆ, ಒಂದು ದಿನ ಮುರಿದು ಬೀಳುತ್ತದೆ. ಮೇಲೆ ನಿಂತವನಿಗೆ ಅದು ಹಾಸುಗಲ್ಲು. ಎದುರು ದಡದಿಂದ ನೋಡಿದವನಿಗಷ್ಟೇ ಅದರ ಕೆಳಗೆ ಏನೂ ಇಲ್ಲವೆಂಬುದು ಕಾಣುತ್ತದೆ. ‘ಪ್ರಕ್ಷೇಪಿತ’ ಎಂಬ ಪದ ಈ ಒಂದು ಸಂಗತಿಯನ್ನು ಹೇಳದೆ ಉಳಿದ ಎಲ್ಲ ಗಾಂಭೀರ್ಯವನ್ನೂ ತೋರಿಸುತ್ತದೆ. “ಈ ಬಂಡೆಯ ಕೆಳಗೆ ಟೊಳ್ಳು. ಕಾಲಿಡಬೇಡಿ” ಎಂದು ಬರೆದಿದ್ದರೆ ಎಂಟು ವರ್ಷದ ಮಗುವೂ ಹಿಂದಕ್ಕೆ ಸರಿಯುತ್ತಿತ್ತು. ಕೆಟ್ಟ ಪದದಿಂದ ಪ್ರಾಣವೂ ಹೋಗಬಹುದು ಎಂದರೆ ಅತಿಶಯೋಕ್ತಿ ಎನ್ನಬೇಡಿ.

ಹಾಗಾದರೆ ಮಾಡಬೇಕಾದುದೇನು? ದೂರ ಹೋಗಬೇಕಾಗಿಲ್ಲ, ನೆರೆಯ ಮನೆಯನ್ನು ನೋಡಿದರೆ ಸಾಕು. ಆಂಧ್ರದ ಸಾಹಿತ್ಯ ಅಕಾಡೆಮಿ 1962ರಲ್ಲಿಯೇ ಭದ್ರಿರಾಜು ಕೃಷ್ಣಮೂರ್ತಿಯವರ ಸಂಪಾದಕತ್ವದಲ್ಲಿ ‘ಮಾಂಡಲಿಕ ವೃತ್ತಿಪದಕೋಶ’ದ ಮೊದಲ ಸಂಪುಟವನ್ನು ತಂದಿತು. ವಿಷಯ ವ್ಯವಸಾಯ. ಊರೂರಿಗೆ ಹೋಗಿ, ನೇಗಿಲ ಒಂದೊಂದು ಭಾಗಕ್ಕೂ ಯಾವ ಸೀಮೆಯಲ್ಲಿ ಯಾವ ಹೆಸರು ಎಂದು ಕೇಳಿ ಬರೆದ ಪುಸ್ತಕ. ಮುಂದೆ ಕೈಮಗ್ಗಕ್ಕೂ ಅಂಥದೊಂದು ಬಂದಿತು. ನಮ್ಮಲ್ಲಿ ದುಡಿದವರಿಲ್ಲವೆಂದಲ್ಲ. 1894ರಲ್ಲಿ ಕಿಟ್ಟೆಲರು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟಿನಲ್ಲಿ ಮೇಲೆ ಹೇಳಿದ ಪದಗಳಲ್ಲಿ ಎಷ್ಟೋ ಇವೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಮ್ಮ ಹೆಮ್ಮೆ. ಆದರೆ ಅಕಾರಾದಿಯಲ್ಲಿ ಹಂಚಿಹೋದ ಪದವನ್ನು ಈಗಾಗಲೇ ಬಲ್ಲವನು ಮಾತ್ರ ಹುಡುಕಬಲ್ಲ. ಪಠ್ಯಪುಸ್ತಕ ಬರೆಯುವವನಿಗೆ, ಭಾಷಾಂತರಕಾರನಿಗೆ, ಎಚ್ಚರಿಕೆಯ ಹಲಗೆ ಬರೆಸುವ ಅಧಿಕಾರಿಗೆ ಬೇಕಾದದ್ದು ಅರ್ಥದಿಂದ ಪದಕ್ಕೆ ಹೋಗುವ ದಾರಿ. ‘ಹೊರಬಂದದ್ದು’ ಎಂಬ ತಲೆಬರಹದ ಕೆಳಗೆ ಏಳು, ಉಬ್ಬು, ಚಾಚು, ಮೂಡು, ಮೊನೆ, ಗೂಟ, ಗೆಣ್ಣು, ಬೋದಿಗೆ, ಸೂರು ಎಲ್ಲವೂ ತಮ್ಮ ತಮ್ಮ ವ್ಯತ್ಯಾಸದ ಸಮೇತ ಒಂದೆಡೆ ಕುಳಿತಿರುವ ಪುಸ್ತಕ. ಪ್ರತಿಯೊಂದು ಕಾಲೇಜಿನ ಕನ್ನಡ ವಿಭಾಗವೂ ತನ್ನ ಸುತ್ತಿನ ಹತ್ತು ಹಳ್ಳಿಗಳನ್ನು ಹಂಚಿಕೊಂಡು, ಮೊದಲನೆಯ ವರ್ಷದ ವಿದ್ಯಾರ್ಥಿಗಳ ಕೈಗೆ ನೋಟುಬುಕ್ಕು ಕೊಟ್ಟು ಕಳಿಸಿದರೆ ಐದು ವರ್ಷಗಳಲ್ಲಿ ಈ ಕೆಲಸ ಆಗುತ್ತದೆ. ಹುಡುಗರಿಗೂ ಛಂದಸ್ಸಿನ ಬಾಯಿಪಾಠದಿಂದ ಒಂದು ಮಧ್ಯಾಹ್ನದ ಬಿಡುವು ಸಿಕ್ಕುತ್ತದೆ.

ತಡಮಾಡುವ ಹಾಗಿಲ್ಲ. ಕೊನೆಯ ಬೋದಿಗೆಯನ್ನು ಕೆತ್ತಿದ ಬಡಿಗ ಮುದುಕನಾಗಿದ್ದಾನೆ; ಅವನ ಮಗ ನಗರದಲ್ಲಿ ಪ್ಲೈವುಡ್ಡಿನ ಕೆಲಸದಲ್ಲಿದ್ದಾನೆ.

ಗೋಕಾಕ ಎಂಬ ಹೆಸರು ಕನ್ನಡಿಗರಿಗೆ ಬರಿಯ ಜಲಪಾತದ ಹೆಸರಲ್ಲ. ಆ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ವಿನಾಯಕ ಕೃಷ್ಣ ಗೋಕಾಕರ ಸಮಿತಿ 1981ರಲ್ಲಿ ಕೊಟ್ಟ ವರದಿಗಾಗಿ, 1982ರಲ್ಲಿ ನಾಡಿಗೆ ನಾಡೇ ಬೀದಿಗಿಳಿಯಿತು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ ಬೇಕೆಂದು ಲಕ್ಷಗಟ್ಟಲೆ ಜನ ಕೂಗಿದರು. ಮಣೆ ಹಾಕಿಸುವುದು ಚಳವಳಿಯ ಕೆಲಸ. ಆ ಮಣೆಯ ಮೇಲೆ ಕೂರುವ ಕನ್ನಡ ಯಾವುದು, ಪ್ರಕ್ಷೇಪಿತವೋ ಮೊನೆಯೋ ಎಂದು ತೀರ್ಮಾನಿಸುವುದು ನಮ್ಮಂಥ ಮೇಷ್ಟರ ಕೆಲಸ. ಕೂಗಿದವರು ತಮ್ಮ ಪಾಲನ್ನು ಮಾಡಿ ಮನೆಗೆ ಹೋದರು. ಸಂಬಳ ಎಣಿಸಿಕೊಳ್ಳುತ್ತಿರುವ ನಾವು ಇನ್ನೂ ಇಂಗ್ಲಿಷಿನ ಪದಗಳನ್ನೇ ಎಣಿಸುತ್ತ ಕುಳಿತಿದ್ದೇವೆ.